ಹಳೆಯ ಸೆಸ್ನಾಗೆ ಪುಕ್ಕಟೆ ಮ್ಯಾನುಯಲ್: ಏನೇನು ಸಿಗುತ್ತೆ, ಯಾವುದಕ್ಕೆ ದುಡ್ಡು ಕೊಡಲೇಬೇಕು

ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ಏರ್‌ಪೋರ್ಟಿನಲ್ಲಿ ನಾನು ಸಣ್ಣ ವಿಮಾನಗಳ ಮೆಕ್ಯಾನಿಕ್. ಊರು ಶಿವಮೊಗ್ಗ. ಈ ಕಡೆ ಐಟಿ ಕೆಲಸದಲ್ಲಿರುವ ನಮ್ಮವರು ಇತ್ತೀಚೆಗೆ ವಿಮಾನ ಹಾರಿಸೋದು ಕಲಿಯುತ್ತಿದ್ದಾರೆ. ಮೂರ್ನಾಲ್ಕು ಜನ ಸೇರಿ ಐವತ್ತು ಅರವತ್ತು ವರ್ಷ ಹಳೆಯ ಸೆಸ್ನಾ 150 ಅಥವಾ 172 ಕೊಳ್ಳುತ್ತಾರೆ. ಕೊಂಡ ಮೇಲೆ ನನಗೆ ಫೋನ್ ಬರುತ್ತದೆ: "ಅಕ್ಕಾ, ಇದರ ಮೇಂಟೆನೆನ್ಸ್ ಮ್ಯಾನುಯಲ್ ಫ್ರೀಯಾಗಿ ಎಲ್ಲಾದರೂ ಸಿಗುತ್ತಾ?"

ಸಿಗುತ್ತೆ, ಆದರೆ ಪೂರ್ತಿ ಅಲ್ಲ. ಎಂಜಿನ್, ಪ್ರೊಪೆಲರ್, ಬ್ರೇಕ್, ಸ್ಪಾರ್ಕ್ ಪ್ಲಗ್, ಬ್ಯಾಟರಿ ಇವುಗಳ ಬಹಳಷ್ಟು ಮಾಹಿತಿ ಆಯಾ ಕಂಪನಿಯ ತಾಣದಲ್ಲೇ ಪುಕ್ಕಟೆ. ಕಾನೂನು, ಸುರಕ್ಷತೆಯ ಆದೇಶ ಎಲ್ಲವೂ ಸರ್ಕಾರದ ತಾಣದಲ್ಲಿ ಪುಕ್ಕಟೆ. ರೆಕ್ಕೆ, ಬಾಲ, ಬಾಡಿ, ಕಂಟ್ರೋಲ್ ಕೇಬಲ್ಲುಗಳ ಪುಸ್ತಕ ಮಾತ್ರ ನೇರ ದಾರಿಯಲ್ಲಿ ಪುಕ್ಕಟೆ ಸಿಗೋದು ಅಪರೂಪ. ಅದಕ್ಕೆ ದುಡ್ಡು ಕೊಡಿ ಅಂತಲೇ ನನ್ನ ಸಲಹೆ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಮೊದಲು ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ಇಲಾಖೆಯ ತಾಣ. ಡೈನಾಮಿಕ್ ರೆಗ್ಯುಲೇಟರಿ ಸಿಸ್ಟಮ್ ಅಂತ ಹೆಸರು, ನಾವು ಡಿಆರ್‌ಎಸ್ ಅನ್ನುತ್ತೇವೆ. ಲಾಗಿನ್ ಬೇಡ, ಕಾರ್ಡ್ ಬೇಡ. ಇಲ್ಲಿ ನಿಮಗೆ ಬೇಕಾದ್ದು ಮುಖ್ಯವಾಗಿ ಎರಡು. ಒಂದು, ನಿಮ್ಮ ವಿಮಾನದ ಟೈಪ್ ಸರ್ಟಿಫಿಕೇಟ್ ಡೇಟಾ ಶೀಟ್, ಅಂದರೆ ಆ ಮಾಡೆಲ್‌ನ ವಿನ್ಯಾಸಕ್ಕೆ ಸರ್ಕಾರ ಕೊಟ್ಟ ಒಪ್ಪಿಗೆಯ ವಿವರ. ಸೆಸ್ನಾ 172ಕ್ಕೆ ಅದರ ನಂಬರು 3ಎ12, ಸೆಸ್ನಾ 150ಕ್ಕೆ 3ಎ19, ಪೈಪರ್ ಚೆರೊಕೀಗೆ 2ಎ13. ಈ ನಂಬರು ಗೊತ್ತಿದ್ದರೆ ಹುಡುಕೋದು ಸಲೀಸು. ಯಾವ ಎಂಜಿನ್, ಯಾವ ಪ್ರೊಪೆಲರ್ ಹಾಕಬಹುದು, ತೂಕ ಎಷ್ಟಿರಬೇಕು, ಬಾಲದ ಎಲಿವೇಟರ್ ಮತ್ತು ರೆಕ್ಕೆಯ ಏಲಿರಾನ್ ಎಷ್ಟು ಡಿಗ್ರಿ ಮೇಲೆ ಕೆಳಗೆ ಹೋಗಬೇಕು, ಎಲ್ಲ ಅದರಲ್ಲಿದೆ. ಮ್ಯಾನುಯಲ್ ಕೈಯಲ್ಲಿ ಇಲ್ಲದವರಿಗೂ ಇಷ್ಟು ಅಧಿಕೃತ ಮಾಹಿತಿ ಒಂದೇ ಕಡೆ ಸಿಗೋದು ದೊಡ್ಡ ವಿಷಯ.

ಎರಡನೆಯದು ಏರ್‌ವರ್ದಿನೆಸ್ ಡೈರೆಕ್ಟಿವ್, ಅಂದರೆ ಎಡಿ, ಸುರಕ್ಷತೆಯ ಆದೇಶ. ಇದು ಸಲಹೆ ಅಲ್ಲ, ಕಾನೂನು. ಸೆಸ್ನಾ ಇಟ್ಟುಕೊಂಡವರು 2011-10-09 ನಂಬರಿನ ಎಡಿಯನ್ನು ಇವತ್ತೇ ತೆಗೆದು ಓದಿ. ಅದು ಸೀಟಿನ ಹಳಿಯ ಬಗ್ಗೆ. ಸೀಟು ಹಿಂದೆ ಮುಂದೆ ಜಾರುವ ಹಳಿಯಲ್ಲಿ ಸಾಲಾಗಿ ತೂತುಗಳಿರುತ್ತವೆ, ಸೀಟಿನ ಪಿನ್ನು ಅದರಲ್ಲಿ ಕೂರುತ್ತದೆ. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ತೂತು ಉದ್ದುದ್ದಕ್ಕೆ ಸವೆಯುತ್ತದೆ. ಆಮೇಲೆ ಟೇಕಾಫ್ ಹೊತ್ತಿಗೆ, ಮೂಗು ಮೇಲೆ ಎದ್ದಾಗ, ಪಿನ್ನು ಜಾರಿ ಪೈಲಟ್ ಸೀಟಿನ ಸಮೇತ ಹಿಂದಕ್ಕೆ ಹೋಗಬಹುದು. ಕೈಯಲ್ಲಿರುವ ಯೋಕ್, ಅಂದರೆ ವಿಮಾನದ ಸ್ಟೀರಿಂಗ್, ಹಿಡಿದೇ ಹೋದರೆ ಮೂಗು ಇನ್ನೂ ಮೇಲೇಳುತ್ತದೆ. ಇಂಥದ್ದರಿಂದ ಜೀವ ಹೋಗಿದೆ. ಸವೆದ ತೂತಿನ ಅಳತೆ 0.42 ಇಂಚು ದಾಟಿದರೆ ಹಳಿ ಬದಲಿಸಲೇಬೇಕು. ಎಲ್ಲಿ ಅಳೆಯಬೇಕು ಅನ್ನೋದು ಆ ಎಡಿಯಲ್ಲೇ ಬರೆದಿದೆ. ಬರೀ ಟಾರ್ಚ್ ಬಿಟ್ಟು ನೋಡಿದರೆ ತೂತು ದುಂಡಗೇ ಇದೆ ಅನ್ನಿಸುತ್ತೆ. ಕ್ಯಾಲಿಪರ್ ಇಟ್ಟಾಗ ನಿಜ ಗೊತ್ತಾಗೋದು. ಈ ಒಂದು ಕಾಗದ ಪುಕ್ಕಟೆ ಸಿಗುತ್ತೆ ಅನ್ನೋದಕ್ಕೇ ಡಿಆರ್‌ಎಸ್‌ಗೆ ನಾನು ಕೈ ಮುಗಿಯುತ್ತೇನೆ.

ತಾಣದ ಕೊರತೆ ಅಂದರೆ ಹುಡುಕಾಟ. ಸುಮ್ನೆ "ಸೆಸ್ನಾ 172" ಅಂತ ಹೊಡೆದರೆ ಬೇಕಾದ್ದು ಬೇಡದ್ದು ಎಲ್ಲ ರಾಶಿ ಬೀಳುತ್ತದೆ. ಎಡಮಗ್ಗುಲಲ್ಲಿ ಎಡಿ ಅಂತ ಮೊದಲೇ ಆರಿಸಿ, ಆಮೇಲೆ ಕಂಪನಿ, ಆಮೇಲೆ ಮಾಡೆಲ್, ಹೀಗೆ ಸೋಸುತ್ತಾ ಬನ್ನಿ. ಇನ್ನೊಂದು ಮಾತು: ವಿಮಾನದ ಹೆಸರಲ್ಲಿ ಹುಡುಕಿದರೆ ಎಂಜಿನ್ನಿನ ಎಡಿ, ಮ್ಯಾಗ್ನೆಟೋ (ಪ್ಲಗ್ಗಿಗೆ ಕಿಡಿ ಒದಗಿಸುವ ಭಾಗ) ಎಡಿ, ಪ್ರೊಪೆಲರ್ ಎಡಿ ಬರೋದಿಲ್ಲ. ಒಂದೊಂದನ್ನೂ ಅದರದರ ಕಂಪನಿ ಹೆಸರಲ್ಲಿ ಬೇರೆಯಾಗಿ ಹುಡುಕಬೇಕು. ಹೊಸಬರು ಬಿಟ್ಟುಬಿಡೋದು ಇಲ್ಲೇ. ಐದಕ್ಕೆ ನಾಲ್ಕು ಕೊಡುತ್ತೇನೆ, ಆ ಒಂದು ಅಂಕ ಹುಡುಕಾಟದ ಕಷ್ಟಕ್ಕೆ ಹೋಯಿತು.

ಇನ್ನು ಎಂಜಿನ್. 172ರಲ್ಲಿ 1967ರವರೆಗೆ ಬಂದದ್ದು ಕಾಂಟಿನೆಂಟಲ್ ಒ-300, ಆರು ಸಿಲಿಂಡರ್, 145 ಕುದುರೆ ಶಕ್ತಿ. 1968ರಿಂದ ಲೈಕೋಮಿಂಗ್ ಒ-320, ನಾಲ್ಕು ಸಿಲಿಂಡರ್, 150. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ, ಯಾಕೆಂದರೆ ಇಲ್ಲಿಂದ ದಾರಿ ಎರಡಾಗುತ್ತದೆ.

ಕಾಂಟಿನೆಂಟಲ್ ತಾಣದಲ್ಲಿ ಎಂ-0 ಅನ್ನುವ ಸ್ಟ್ಯಾಂಡರ್ಡ್ ಪ್ರಾಕ್ಟೀಸ್ ಮ್ಯಾನುಯಲ್ ಓದಲು ಸಿಗುತ್ತದೆ. ಈ ಇಡೀ ಬರಹದಲ್ಲಿ ಒಂದೇ ಒಂದನ್ನು ಹೊಗಳು ಅಂದರೆ ನಾನು ಇದನ್ನೇ ಹೊಗಳುತ್ತೇನೆ. ಬರೆದವರು ಹ್ಯಾಂಗರಿನಲ್ಲಿ ನಿಂತು ಬರೆದ ಹಾಗಿದೆ. ಕಂಪ್ರೆಷನ್ ಟೆಸ್ಟಿನ ಭಾಗವನ್ನೇ ತಗೊಳ್ಳಿ. ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ಬಿಟ್ಟು, ಎಷ್ಟು ನಿಲ್ಲುತ್ತೆ ಅಂತ ಇನ್ನೊಂದು ಗೇಜಿನಲ್ಲಿ ನೋಡುತ್ತೇವೆ. 60ಕ್ಕಿಂತ ಕಮ್ಮಿ ಬಂದರೆ ಸಿಲಿಂಡರ್ ಬಿಚ್ಚಿ ಅನ್ನೋದು ಹಳೆಯ ಕಾಲದಿಂದ ಬಂದ ರೂಢಿ. ಕಾಂಟಿನೆಂಟಲ್ ಹೇಳೋದು ಬೇರೆ. ಮೊದಲು ಮಾಸ್ಟರ್ ಆರಿಫಿಸ್ ಅನ್ನುವ, ಲೆಕ್ಕ ಹಾಕಿ ಕೊರೆದ ತೂತಿರುವ ಉಪಕರಣವನ್ನು ಗೇಜಿಗೆ ಜೋಡಿಸು. ಆವತ್ತು ನಿನ್ನ ಗೇಜಿನಲ್ಲಿ ಅದು ತೋರಿಸುವ ಅಂಕಿಯೇ ಆವತ್ತಿನ ಮಿತಿ. ಅದು 40ರ ಆಸುಪಾಸು ಬರುವುದೂ ಉಂಟು. ಅದರ ಜೊತೆಗೆ ಬೋರೊಸ್ಕೋಪ್ ಅನ್ನುವ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ವಾಲ್ವ್ ಹೇಗಿದೆ, ಗೋಡೆ ಹೇಗಿದೆ ನೋಡು. ಗಾಳಿ ಎಲ್ಲಿಂದ ಸೋರುತ್ತಿದೆ ಅಂತ ಕಿವಿಗೊಟ್ಟು ಕೇಳು. ಎಕ್ಸಾಸ್ಟ್ ಕಡೆ ಸದ್ದು ಬಂದರೆ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಬಂದರೆ ರಿಂಗ್.

ಇದನ್ನು ಓದದೆ ಚೆನ್ನಾಗಿರುವ ಸಿಲಿಂಡರ್ ಬಿಚ್ಚಿಸಿದವರು ಎಷ್ಟೋ ಜನ. ಸಾವಿರಾರು ಡಾಲರ್ ಖರ್ಚು. ದುಡ್ಡಿಗಿಂತ ಹೆಚ್ಚಾಗಿ, ಸಿಲಿಂಡರ್ ಬಿಚ್ಚಿ ಕೂರಿಸುವ ಕೆಲಸದಲ್ಲೇ ಅಪಾಯ ಇದೆ. ಬೇಕಿಲ್ಲದಾಗ ಮಾಡಬಾರದು.

ಕರ್ನಾಟಕದಲ್ಲಿ ಇದನ್ನು ಓದುವವರಿಗೆ ಒಂದು ವಿಷಯ. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್ ವಿಮಾನ, ನಮ್ಮ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳಿಗೆ ಅಕ್ಷರ ಕಲಿಸಿದ ವಿಮಾನ, ಅಮೆರಿಕದ ಏರೋಂಕಾ ಚೀಫ್‌ನ ಹತ್ತಿರದ ನೆಂಟ. ಅದರ ಎಂಜಿನ್ನೂ ಕಾಂಟಿನೆಂಟಲ್ಲೇ, ಸಿ-90. ಪುಷ್ಪಕ್ ಉಳಿಸಿಕೊಂಡವರು, ಅದರ ಮೇಲೆ ಪ್ರೀತಿ ಇರುವವರು ಎಂ-0 ಒಮ್ಮೆ ತೆರೆದು ನೋಡಿ.

ಲೈಕೋಮಿಂಗ್ ತಾಣವೂ ಒಳ್ಳೆಯದೇ. ಅವರ ಸರ್ವಿಸ್ ಬುಲೆಟಿನ್, ಸರ್ವಿಸ್ ಇನ್‌ಸ್ಟ್ರಕ್ಷನ್, ಸರ್ವಿಸ್ ಲೆಟರ್ ಪುಕ್ಕಟೆ ಇಳಿಸಿಕೊಳ್ಳಬಹುದು. ಯಾವ ಆಯಿಲ್ ಹಾಕಬೇಕು ಅನ್ನೋದಕ್ಕೆ ಇನ್‌ಸ್ಟ್ರಕ್ಷನ್ 1014. ಎಷ್ಟು ಗಂಟೆಗೆ ಬದಲಿಸಬೇಕು ಅನ್ನೋದಕ್ಕೆ ಬುಲೆಟಿನ್ 480: ಫಿಲ್ಟರ್ ಇದ್ದರೆ 50 ಗಂಟೆ, ಬರೀ ಜಾಲರಿ ಇದ್ದರೆ 25 ಗಂಟೆ, ಹಾರಿಸದೇ ಇದ್ದರೂ ನಾಲ್ಕು ತಿಂಗಳು. ಆ ನಾಲ್ಕು ತಿಂಗಳ ಮಾತು ನಮ್ಮ ಶನಿವಾರದ ಪೈಲಟ್‌ಗಳಿಗೆ ತುಂಬಾ ಮುಖ್ಯ. ಹಾರಾಟ ಕಮ್ಮಿ, ಹಾಗಾಗಿ ಆಯಿಲ್ ಹೊಸದಾಗೇ ಇದೆ ಅಂದುಕೊಳ್ಳುತ್ತಾರೆ. ನಿಂತ ಎಂಜಿನ್ನಿನಲ್ಲೇ ನೀರಿನಂಶ ಕೂತು ತುಕ್ಕು ಹಿಡಿಯೋದು ಜಾಸ್ತಿ.

ಸ್ಪಾರ್ಕ್ ಪ್ಲಗ್ ವಿಷಯಕ್ಕೆ ಬರೋಣ. ಅಮೆರಿಕದ ಕಾನೂನಿನಲ್ಲಿ, ಪಾರ್ಟ್ 43ರ ಅಪೆಂಡಿಕ್ಸ್ ಎ ಪ್ರಕಾರ, ಪೈಲಟ್ ಲೈಸೆನ್ಸ್ ಇರುವ ಮಾಲೀಕರೇ ಪ್ಲಗ್ ಬಿಚ್ಚಿ, ಶುಚಿ ಮಾಡಿ, ಗ್ಯಾಪ್ ಸರಿ ಮಾಡಿ ಹಾಕಬಹುದು, ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬಹುದು. ಒಳ್ಳೆಯ ಕೆಲಸ, ಕಲಿಯಿರಿ. ಚಾಂಪಿಯನ್ ಕಂಪನಿ ಇದಕ್ಕೆಂದೇ ಎವಿ6-ಆರ್ ಅನ್ನುವ ಕೈಪಿಡಿಯನ್ನು ಪುಕ್ಕಟೆ ಕೊಟ್ಟಿದೆ, ಸವೆದ ಪ್ಲಗ್ ಹೇಗಿರುತ್ತೆ ಅಂತ ಚಿತ್ರ ಸಮೇತ. ಆದರೆ ಎಷ್ಟು ಬಿಗಿ ಮಾಡಬೇಕು ಅನ್ನೋದು ಎಂಜಿನ್ ಕಂಪನಿಯ ಮಾತು. ಲೈಕೋಮಿಂಗ್ 420 ಇಂಚ್-ಪೌಂಡ್ ಅನ್ನುತ್ತದೆ. ಕಾಂಟಿನೆಂಟಲ್ 300ರಿಂದ 360. ಅದೇ ಪ್ಲಗ್, ಅದೇ ಥ್ರೆಡ್, ಅಂಕಿ ಬೇರೆ. ಸ್ನೇಹಿತರು ವಾಟ್ಸಾಪಿನಲ್ಲಿ ಹೇಳಿದ ಅಂಕಿಯನ್ನು ನಂಬಿ ಟಾರ್ಕ್ ರೆಂಚ್ ಹಿಡಿಯಬೇಡಿ ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ. ಕೇಳಿದ ಅಂಕಿ ಬೇರೆ ಎಂಜಿನ್ನಿನದೂ ಆಗಿರಬಹುದು.

ಬ್ರೇಕ್ ಕ್ಲೀವ್‌ಲ್ಯಾಂಡ್ ಅವರದಾದರೆ ಅವರ ಚಕ್ರ ಮತ್ತು ಬ್ರೇಕಿನ ಮ್ಯಾನುಯಲ್ ಕಂಪನಿಯ ತಾಣದಲ್ಲೇ ಪುಕ್ಕಟೆ. ಲೈನಿಂಗ್, ಅಂದರೆ ಡಿಸ್ಕಿಗೆ ಒತ್ತುವ ಸವೆಯುವ ಪದರ, 0.100 ಇಂಚಿಗೆ ಇಳಿದರೆ ಬದಲಿಸಿ ಅಂತ ಅದರಲ್ಲಿದೆ. ಅದಕ್ಕಿಂತ ಮುಖ್ಯವಾದ್ದು, ಹೊಸ ಲೈನಿಂಗ್ ಹಾಕಿದ ಮೇಲೆ ಅದನ್ನು ಪಳಗಿಸುವ ವಿಧಾನ. ಆರ್ಗ್ಯಾನಿಕ್ ಲೈನಿಂಗ್ ಆದರೆ ಎಂಜಿನ್ 1700 ಆರ್‌ಪಿಎಂನಲ್ಲಿಟ್ಟು, ಗಂಟೆಗೆ 5ರಿಂದ 10 ಮೈಲಿ ವೇಗ ದಾಟದಂತೆ ಬ್ರೇಕ್ ಒತ್ತುತ್ತಾ 1500 ಅಡಿ ಟ್ಯಾಕ್ಸಿ ಮಾಡಬೇಕು. ಆಮೇಲೆ 10–15 ನಿಮಿಷ ಆರಲು ಬಿಡಬೇಕು. ಆರಿದ ಮೇಲೆ ಬ್ರೇಕ್ ಒತ್ತಿ ಹಿಡಿದು ಥ್ರಾಟಲ್ ಜಾಸ್ತಿ ಮಾಡಿ ವಿಮಾನ ನಿಲ್ಲುತ್ತಾ ನೋಡಬೇಕು. ಇದನ್ನು ಮಾಡದೆ "ಹೊಸ ಬ್ರೇಕ್ ಹಿಡೀತಾ ಇಲ್ಲ" ಅಂತ ಬರುವವರು ಬಹಳ. ಲೈನಿಂಗಿನ ಮೇಲ್ಮೈ ಬಿಸಿಗೆ ಬೆಂದು ಗಟ್ಟಿಯಾದರೇ ಅದಕ್ಕೆ ಹಿಡಿತ ಬರೋದು, ಹೊಸ ಬಾಣಲೆಯನ್ನು ಎಣ್ಣೆ ಹಾಕಿ ಕಾಯಿಸಿ ಪಳಗಿಸುವ ಹಾಗೆ.

ಹಾರ್ಟ್ಸೆಲ್ ಪ್ರೊಪೆಲರ್, ಕಾಂಕಾರ್ಡ್ ಬ್ಯಾಟರಿ ಇವರ ತಾಣಗಳಲ್ಲೂ ಬೇಕಾದ್ದು ಸಿಗುತ್ತದೆ, ಗೋಜಲಿಲ್ಲ.

ಈಗ ಎಲ್ಲರೂ ಹೆಸರು ಹೇಳುವ ಎಸಿ 43.13-1ಬಿ, ರಿಪೇರಿ ವಿಧಾನಗಳ ಸಲಹಾ ಪುಸ್ತಕ. 1998ರಲ್ಲಿ ಎಫ್‌ಎಎ ಹೊರತಂದದ್ದು, ಪುಕ್ಕಟೆ. ಮರ, ಬಟ್ಟೆ, ರಿವೆಟ್, ವೆಲ್ಡಿಂಗ್, ತುಕ್ಕು, ವೈರಿಂಗ್, ಕೇಬಲ್ ಎಲ್ಲ ಇದೆ. ನನ್ನ ಹತ್ತಿರ ಇರೋ ಪ್ರತಿಯ ಪುಟಗಳ ಅಂಚು ಗ್ರೀಸಿನಿಂದ ಕಪ್ಪಾಗಿವೆ, ಅಷ್ಟು ಬಳಸುತ್ತೇನೆ. ಬೋಲ್ಟ್ ಸಡಿಲವಾಗದಂತೆ ಕಟ್ಟುವ ಸೇಫ್ಟಿ ವೈರ್ ಯಾವ ದಿಕ್ಕಿಗೆ ಸುತ್ತಬೇಕು ಅನ್ನೋದನ್ನು ಚಿತ್ರದಲ್ಲಿ ಇಷ್ಟು ಚೆನ್ನಾಗಿ ತೋರಿಸಿದ ಪುಸ್ತಕ ಇನ್ನೊಂದು ಸಿಗಲಿಕ್ಕಿಲ್ಲ. ಆದರೆ ಅದರ ಮೊದಲ ಪುಟವನ್ನು ಜನ ಓದೋದಿಲ್ಲ. ತಯಾರಕರ ಸೂಚನೆ ಇಲ್ಲದ ಕಡೆ ಮಾತ್ರ ಇದನ್ನು ಬಳಸಿ ಅಂತ ಅಲ್ಲೇ ಇದೆ. ಮೇಲೆ ಹೇಳಿದ 60ರ ಲೆಕ್ಕ ಇರುವುದೂ ಈ ಪುಸ್ತಕದಲ್ಲೇ. ಎರಡೂ ಪುಕ್ಕಟೆ, ಎರಡೂ ಅಧಿಕೃತ, ಹೇಳೋದು ಬೇರೆ ಬೇರೆ. ಕಾಂಟಿನೆಂಟಲ್ ಎಂಜಿನ್ನಿಗೆ ಕಾಂಟಿನೆಂಟಲ್ ಮಾತೇ ನಡೆಯಬೇಕು.

ಹಾಗಾದರೆ ವಿಮಾನದ ಬಾಡಿಯ ಪುಸ್ತಕ ಯಾಕೆ ಪುಕ್ಕಟೆ ಇಲ್ಲ? ಇದಕ್ಕೆ ಕಾರಣ ಒಂದು ತಾರೀಖು. 1981ರ ಜನವರಿ 28ರ ನಂತರ ಟೈಪ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ ವಿಮಾನಗಳಿಗೆ ಮಾತ್ರ, ನಿರ್ವಹಣೆಯ ಪೂರ್ತಿ ಸೂಚನೆಗಳನ್ನು ತಯಾರಕರು ಮಾಲೀಕರಿಗೆ ಒದಗಿಸಬೇಕು ಅನ್ನುವ ಕಾನೂನು ಅನ್ವಯಿಸುತ್ತದೆ. ಸೆಸ್ನಾ 172ಕ್ಕೆ ಸರ್ಟಿಫಿಕೇಟ್ ಸಿಕ್ಕಿದ್ದು 1955ರಲ್ಲಿ. ಹಾಗಾಗಿ ಹಳೆಯ ವಿಮಾನದ ಮ್ಯಾನುಯಲ್ ಕಂಪನಿಯ ಸ್ವತ್ತು, ಮಾರುವ ಸರಕು. ಆದರೆ ವಿಮಾನ ಹಾರಲು ಯೋಗ್ಯವಾಗಿ ಇರಬೇಕಾದ ಹೊಣೆ ಮಾತ್ರ ಮಾಲೀಕರದು. ಇದು ನನಗೆ ಸರಿ ಅನ್ನಿಸೋದಿಲ್ಲ. ಹೊಣೆ ಹೊರಿಸಿದ ಮೇಲೆ ಪುಸ್ತಕವನ್ನೂ ಕೈಗೆ ಕೊಡಬೇಕು, ಅಲ್ವಾ?

ಇದಕ್ಕಾಗಿ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋದವರಿದ್ದಾರೆ. 1930ರ ದಶಕದ ಫೇರ್‌ಚೈಲ್ಡ್ ಎಫ್-45 ವಿಮಾನದ ಮಾಲೀಕ ಗ್ರೆಗ್ ಹೆರಿಕ್, ಅದರ ತಾಂತ್ರಿಕ ದಾಖಲೆ ಕೊಡಿ ಅಂತ 1997ರಲ್ಲಿ ಮಾಹಿತಿ ಹಕ್ಕಿನಡಿ ಎಫ್‌ಎಎಗೆ ಅರ್ಜಿ ಹಾಕಿದರು. ವ್ಯಾಪಾರ ರಹಸ್ಯ, ಕೊಡಲಾಗದು ಅಂತ ಉತ್ತರ ಬಂತು. ಕೋರ್ಟಿನಲ್ಲೂ ಸೋತರು. ಆಮೇಲೆ ಅವರ ಸ್ನೇಹಿತ, ಹಳೆಯ ವಿಮಾನಗಳ ಸಂಘ ನಡೆಸುತ್ತಿದ್ದ ಬ್ರೆಂಟ್ ಟೇಲರ್, ಅದೇ ದಾಖಲೆಗೆ ತಾವೇ ಅರ್ಜಿ ಹಾಕಿದರು. ಸ್ನೇಹಿತ ಸೋತ ಮೇಲೆ ನೀನು ಕೇಳುವ ಹಾಗಿಲ್ಲ ಅಂತ ಕೆಳಗಿನ ಕೋರ್ಟುಗಳು ಹೇಳಿದವು. 2008ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ಒಬ್ಬರ ಸೋಲು ಇನ್ನೊಬ್ಬರ ದಾರಿ ಮುಚ್ಚುವುದಿಲ್ಲ ಅಂತ ತೀರ್ಪು ಬರೆದವರು ನ್ಯಾಯಮೂರ್ತಿ ಗಿನ್ಸ್‌ಬರ್ಗ್. ಒಂದು ಹಳೆಯ ವಿಮಾನ ರಿಪೇರಿ ಮಾಡಬೇಕು ಅನ್ನುವ ಆಸೆಯಿಂದ ಶುರುವಾದ ಕೇಸನ್ನು ಇವತ್ತು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಪಾಠವಾಗಿ ಓದುತ್ತಾರೆ. ಈಗ ಕಾನೂನಿನಲ್ಲೂ ಸ್ವಲ್ಪ ಜಾಗ ಸಿಕ್ಕಿದೆ. ಟೈಪ್ ಸರ್ಟಿಫಿಕೇಟ್ ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ನಿಷ್ಕ್ರಿಯವಾಗಿದ್ದು, ಅದರ ಮಾಲೀಕರಾಗಲೀ ವಾರಸುದಾರರಾಗಲೀ ಸಿಗದೆ, ದಾಖಲೆ ಕೊಟ್ಟರೆ ಸುರಕ್ಷತೆಗೆ ಒಳ್ಳೆಯದಾಗುತ್ತೆ ಅಂತಿದ್ದರೆ ಎಫ್‌ಎಎ ತನ್ನಲ್ಲಿರುವ ಮಾಹಿತಿಯನ್ನು ಕೊಡಬಹುದು. ಸೆಸ್ನಾ, ಪೈಪರ್ ಮಾಲೀಕರಿಗೆ ಇದು ಉಪಯೋಗಕ್ಕೆ ಬರೋದಿಲ್ಲ, ಆ ಹೆಸರುಗಳು ಇನ್ನೂ ಬದುಕಿವೆ. ತಯಾರಕರೇ ಮಾಯವಾದ ವಿಮಾನ ನಿಮ್ಮದಾದರೆ ನೆನಪಿಟ್ಟುಕೊಳ್ಳಿ.

ಇನ್ನು ಉಳಿದದ್ದು ನೆಟ್‌ನಲ್ಲಿ ಅಲ್ಲಲ್ಲಿ ಸಿಗುವ ಸ್ಕ್ಯಾನ್ ಪ್ರತಿಗಳು. ಹುಡುಕಿದರೆ ಸಿಗುತ್ತವೆ, ಇಲ್ಲ ಅನ್ನೋದಿಲ್ಲ. ಒಬ್ಬರು ಅಂಥ ಪಿಡಿಎಫ್ ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸಿ, ಹೆಮ್ಮೆಯಿಂದ ತಂದು ನನ್ನ ಟೇಬಲ್ ಮೇಲಿಟ್ಟರು. ತಿರುಗಿಸಿ ನೋಡಿದೆ. ವೈರಿಂಗಿನ ದೊಡ್ಡ ಮಡಿಸಿದ ಹಾಳೆಗಳನ್ನು ಬಿಚ್ಚದೇ ಸ್ಕ್ಯಾನ್ ಮಾಡಿದ್ದರು, ಅರ್ಧ ಚಿತ್ರವೇ ಇಲ್ಲ. ಕೇಬಲ್ ಬಿಗಿತದ ಪಟ್ಟಿಯಲ್ಲಿ ಬಲಗಡೆಯ ಕಾಲಂ ಕತ್ತರಿಸಿಹೋಗಿತ್ತು. ಅದು ಎದ್ದು ಕಾಣುವ ತಪ್ಪು, ಹಾಗಾಗಿ ಅಪಾಯ ಕಮ್ಮಿ. ಕಣ್ಣಿಗೆ ಕಾಣದ ತಪ್ಪು ಇನ್ನೊಂದಿತ್ತು. ಅದು 1970ರ ದಶಕದ ಪ್ರತಿ. 2011ರ ಸುಮಾರಿಗೆ ಸೆಸ್ನಾ ತನ್ನ ಹಳೆಯ 100 ಸರಣಿಯ ಮ್ಯಾನುಯಲ್‌ಗಳಿಗೆ ಹೆಚ್ಚುವರಿ ತಪಾಸಣೆಯ ಭಾಗಗಳನ್ನು ಸೇರಿಸಿತು. ವಯಸ್ಸಾದ ವಿಮಾನದಲ್ಲಿ ತುಕ್ಕು ಎಲ್ಲಿ ಹಿಡಿಯುತ್ತೆ, ಬಿರುಕು ಎಲ್ಲಿ ಬರುತ್ತೆ, ಯಾವ ಭಾಗ ಬಿಚ್ಚಿ ನೋಡಬೇಕು ಅನ್ನೋದು ಅದರಲ್ಲಿದೆ. ಐವತ್ತು ದಾಟಿದ ವಿಮಾನಕ್ಕೆ ಬೇಕಾದ ಪುಟಗಳೇ ಅವು. ಆ ಪ್ರತಿಯಲ್ಲಿ ಒಂದೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಕಾನೂನು ಹೇಳುವುದು "ಚಾಲ್ತಿಯಲ್ಲಿರುವ" ಮ್ಯಾನುಯಲ್ ಅಂತ. ಹಳೆಯ ಸ್ಕ್ಯಾನ್ ಓದಿ ವಿಮಾನವನ್ನು ಅರ್ಥ ಮಾಡಿಕೊಳ್ಳಿ, ಭಾಗಗಳ ಹೆಸರು ಕಲಿಯಿರಿ, ತಪ್ಪಿಲ್ಲ. ಅದನ್ನು ನೋಡಿ ಸ್ಪ್ಯಾನರ್ ಹಿಡಿಯಬೇಡಿ.

"ಫ್ರೀ ಡೌನ್‌ಲೋಡ್" ಅಂತ ದೊಡ್ಡದಾಗಿ ಬರೆದು, ಕೊನೆಯ ಹೆಜ್ಜೆಯಲ್ಲಿ ಕ್ರೆಡಿಟ್ ಕಾರ್ಡ್ ಕೇಳುವ ತಾಣಗಳೂ ಇವೆ. ಅಂಥ ಒಂದು ಕಡೆ ನಮ್ಮ ಹ್ಯಾಂಗರಿನ ಹುಡುಗನ ಕಾರ್ಡಿಗೆ ತಿಂಗಳು ತಿಂಗಳು ಹಣ ಕಡಿತ ಆಯಿತು, ನಿಲ್ಲಿಸಲು ಬ್ಯಾಂಕಿಗೇ ಹೋಗಬೇಕಾಯಿತು. ತಯಾರಕರ ತಾಣ ಮತ್ತು ಸರ್ಕಾರದ ತಾಣ ಬಿಟ್ಟು ಬೇರೆಲ್ಲೂ ಕಾರ್ಡ್ ನಂಬರ್ ಕೊಡುವ ಮುಂಚೆ ಯಾರನ್ನಾದರೂ ಕೇಳಿ.

ಪೂರ್ತಿ ದುಡ್ಡು ಕೊಡದೆ ಓದುವ ದಾರಿ ಒಂದಿದೆ. ನಿಮ್ಮ ವಿಮಾನದ ವಾರ್ಷಿಕ ತಪಾಸಣೆ ಮಾಡುವ ಅಂಗಡಿಯಲ್ಲಿ ಚಾಲ್ತಿ ಮ್ಯಾನುಯಲ್‌ಗಳ ಚಂದಾ ಸಾಮಾನ್ಯವಾಗಿ ಇದ್ದೇ ಇರುತ್ತದೆ. ತಪಾಸಣೆಯ ದಿನ ಬಂದು, ಪಕ್ಕದಲ್ಲಿ ಕೂತು ಓದಿ. ಯಾವ ಒಳ್ಳೆಯ ಮೆಕ್ಯಾನಿಕ್ಕೂ ಬೇಡ ಅನ್ನೋದಿಲ್ಲ. ನನ್ನ ಅಂಗಡಿಗೆ ಬಂದವರಿಗೆ ಕುರ್ಚಿ, ಕಾಫಿ ಎರಡೂ ಉಂಟು. ಸ್ವಂತಕ್ಕೆ ಬೇಕಾದರೆ ಸೆಸ್ನಾದ್ದು ಅದರ ಈಗಿನ ಒಡೆಯರಾದ ಟೆಕ್ಸ್‌ಟ್ರಾನ್ ಹತ್ತಿರ ಕೊಳ್ಳಿ. ಏರ್ಕೂಪ್, ಸ್ಟಿನ್ಸನ್ 108ರಂಥ ಇನ್ನೂ ಹಳೆಯದಾದರೆ ಕೊಲೊರಾಡೋದ ಯೂನಿವೇರ್ ಮರುಮುದ್ರಣ ಮಾರುತ್ತದೆ. ಮೂರ್ನಾಲ್ಕು ಜನ ಪಾಲುದಾರರು ಹಂಚಿಕೊಂಡರೆ ಒಂದು ಸಲ ಟ್ಯಾಂಕ್ ತುಂಬಿಸುವಷ್ಟೂ ಆಗಲಿಕ್ಕಿಲ್ಲ.

ಆರ್ಡರ್ ಮಾಡುವಾಗ ಮಾಡೆಲ್ ವರ್ಷ ನೋಡಿ. 172ಕ್ಕೆ 1969ರಿಂದ 1976ರವರೆಗೆ ಒಂದು ಪುಸ್ತಕ, 1977ರಿಂದ 1986ರವರೆಗೆ ಇನ್ನೊಂದು, 1968 ಮತ್ತು ಹಿಂದಿನವಕ್ಕೆ ಬೇರೆ. ಸೀರಿಯಲ್ ನಂಬರನ್ನು ವಿಮಾನದ ಮೇಲಿನ ತಗಡಿನಲ್ಲೇ ಓದಿ ಬರೆದುಕೊಳ್ಳಿ, ಮಾರಿದವರ ಜಾಹೀರಾತು ನೋಡಿ ಅಲ್ಲ.

ಪುಕ್ಕಟೆ ಅಲ್ಲದಿದ್ದರೂ ಒಂದನ್ನು ಸೇರಿಸಲೇಬೇಕು. ಒಕ್ಲಹೋಮಾ ಸಿಟಿಯಲ್ಲಿರುವ ಎಫ್‌ಎಎ ರಿಜಿಸ್ಟ್ರಿ ಸುಮಾರು 10 ಡಾಲರಿಗೆ ನಿಮ್ಮ ವಿಮಾನದ ಪೂರ್ತಿ ಕಡತ ಕೊಡುತ್ತದೆ. ಯಾರ್ಯಾರ ಕೈಯಲ್ಲಿತ್ತು, ಯಾವ ದೊಡ್ಡ ರಿಪೇರಿ ಆಗಿದೆ, ಏನೇನು ಬದಲಾಯಿಸಿದ್ದಾರೆ, ಎಲ್ಲ 337 ಫಾರ್ಮುಗಳು ಅದರಲ್ಲಿರುತ್ತವೆ. ಮ್ಯಾನುಯಲ್ ಹೇಳೋದು ಕಾರ್ಖಾನೆಯಿಂದ ಹೊರಬಿದ್ದ ವಿಮಾನದ ಬಗ್ಗೆ. ಇಷ್ಟು ವರ್ಷದಲ್ಲಿ ಅದಕ್ಕೆ ಬೇರೆ ಬ್ರೇಕ್, ಬೇರೆ ಪ್ರೊಪೆಲರ್, ಒಮ್ಮೊಮ್ಮೆ ಬೇರೆ ಎಂಜಿನ್ನೇ ಬಂದಿರಬಹುದು. ಹಾಗಾಗಿ ಮೊದಲು ಆ ಕಡತ ತರಿಸಿ, ಆಮೇಲೆ ಯಾವ ಯಾವ ಮ್ಯಾನುಯಲ್ ಬೇಕು ಅಂತ ಪಟ್ಟಿ ಮಾಡಿ. ಪಟ್ಟಿ ಮಾಡುವಾಗ ಗೊಂದಲ ಆದರೆ ಕಡತ ಹಿಡಿದು ಹ್ಯಾಂಗರಿಗೆ ಬನ್ನಿ, ಕೂತು ನೋಡೋಣ.